ಗಾಡಿ ಎತ್ತರ ಮಾಡಿಸೋಕೆ ಹೋಗಿ...

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆದವು. ನಡುವೆ ಇಬ್ಬರು ಮೂವರು ಮೇಲ್ ಮಾಡಿ "ಏನ್ ಸಾರ್, ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಕೇಳಿದ್ರು. ಬಿಟ್ಟಿಲ್ಲ ಕಣ್ರೀ. ಗಾಡಿ ಕೆಳಗೆ ಮಲಗಿದ್ದೆ. ತಮಾಷೆ ಅಲ್ಲ, ನಿಜವಾಗಿಯೂ ಟಾರ್ಪಾಲು ಹಾಸಿಕೊಂಡು, ಟಾರ್ಚ್ ಹಿಡ್ಕೊಂಡು ಗಾಡಿ ಕೆಳಗೇ ಮಲಗಿದ್ದೆ :)

ಇವತ್ತಿನ ಬರಹದಲ್ಲಿ ಮಳೆ ಇದೆ, ಆದ್ರೆ ಕವಿತೆ ಇಲ್ಲ. ಸ್ಪ್ರಿಂಗು, ಟೈರು, ನಟ್ಟು ಬೋಲ್ಟು ಇದೆ. ಬೇಜಾರಾದವರು ಕೊನೇ ನಾಲ್ಕು ಪ್ಯಾರಾ ಓದಿದ್ರೂ ಸಾಕು.

ನಮ್ಮ ಮನೇಲಿ ಒಂದು ಟಾಟಾ ಸಫಾರಿ ಇದೆ. 2010ರ ಡೈಕಾರ್. ಈಗ ಬರ್ತಿರೋ ಸಫಾರಿ ಅಲ್ಲ, ಲಾರಿ ಥರ ಕೆಳಗೆ ಚಾಸಿ ಇದ್ದು ಅದರ ಮೇಲೆ ಬಾಡಿ ಕೂರಿಸಿರೋ ಹಳೇ ಸಫಾರಿ. ಅಪ್ಪ ರಿಟೈರ್ ಆದ ದುಡ್ಡಲ್ಲಿ ತಗೊಂಡಿದ್ದು. ತುಮಕೂರಿನ ನಮ್ಮ ಬೀದೀಲಿ ಅದನ್ನ ನಿಲ್ಲಿಸಿದ್ರೆ ಎದುರು ಮನೆಯವರ ಸ್ಕೂಟರಿಗೆ ಜಾಗ ಇರಲ್ಲ. ಅಮ್ಮ ಅದಕ್ಕೆ ಇಟ್ಟಿರೋ ಹೆಸರು ಎಮ್ಮೆ. ಆ ಎಮ್ಮೆ ಹೆಚ್ಚಾಗಿ ಮಾಡಿರೋ ಕೆಲಸ ಅಂದ್ರೆ ತುಮಕೂರಿಂದ ತೋಟಕ್ಕೆ ಹೋಗೋದು, ತೋಟದಿಂದ ತೆಂಗಿನಕಾಯಿ ಮೂಟೆ ಹೊತ್ಕೊಂಡು ಬರೋದು.

ತೋಟ ಇರೋದು ಗುಬ್ಬಿಯಿಂದ ಚೇಳೂರು ಕಡೆ. ಹಲಸಿನ ಹಣ್ಣಿಗೆ ಹೆಸರಾದ ಅದೇ ಚೇಳೂರು. ತುಮಕೂರಿಂದ ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್, ಒಳ್ಳೆ ರಸ್ತೆ. ಅಲ್ಲಿಂದ ಮುಂದೆಯೂ ಡಾಂಬರು. ಕಷ್ಟ ಇರೋದು ಕೊನೆಯ ಏಳ್ನೂರು ಮೀಟರಲ್ಲಿ. ಅದು ಬಂಡಿದಾರಿ. ಎರಡೂ ಕಡೆ ಟ್ರ್ಯಾಕ್ಟರ್ ಗಾಲಿ ಓಡಿ ಓಡಿ ಆಳವಾದ ಜಾಡು, ನಡುವೆ ಹುಲ್ಲು ಬೆಳೆದ ದಿಬ್ಬ. ಮಳೆಗಾಲದಲ್ಲಿ ಜಾಡಿನಲ್ಲಿ ನೀರು ಹರಿಯುತ್ತೆ, ಪ್ರತಿ ವರ್ಷ ಇನ್ನೊಂದು ಬೆರಳು ಆಳ ಆಗುತ್ತೆ.

ಮೊದಲು ಇದು ದೊಡ್ಡ ವಿಷಯ ಆಗಿರಲಿಲ್ಲ. ಗಾಡೀನ ಡಾಂಬರು ಮುಗಿಯೋ ಕಡೆ ಅರಳಿಮರದ ಕೆಳಗೆ ನಿಲ್ಲಿಸಿ ಅಪ್ಪ ನಡ್ಕೊಂಡು ಹೋಗ್ತಿದ್ರು. ಕಾಯಿ ಮೂಟೆ ಆಳುಗಳು ಹೊತ್ತು ತರೋರು. 2024ರಲ್ಲಿ ಅಪ್ಪನ ಬಲಗಾಲಿನ ಮಂಡಿ ಆಪರೇಷನ್ ಆಯ್ತು. ಆಮೇಲೆ ಕೆಸರಲ್ಲಿ ಏಳ್ನೂರು ಮೀಟರ್ ನಡೆಯೋ ಮಾತೇ ಇಲ್ಲ. ಗಾಡಿ ತೋಟದ ಗೇಟಿನವರೆಗೂ ಹೋಗಬೇಕು, ಇಲ್ಲಾಂದ್ರೆ ಅಪ್ಪ ತೋಟ ನೋಡೋಂಗಿಲ್ಲ. ಒಂದು ಭಾನುವಾರ ಧೈರ್ಯ ಮಾಡಿ ಒಳಗೆ ಹೊಡೆದೆ. ಹೊಟ್ಟೆ ಕೆಳಗೆ ಕರ್ರ್... ಅಂತ ಸದ್ದು. ಅಪ್ಪ ಕಣ್ಣು ಮುಚ್ಚಿಕೊಂಡ್ರು. ನಾನು ಹಲ್ಲು ಕಚ್ಚಿಕೊಂಡೆ.

ಮನೆಗೆ ಬಂದ ಮೇಲೆ ಅಪ್ಪನೇ ಹೇಳಿದ್ದು, "ಇದನ್ನ ಸ್ವಲ್ಪ ಎತ್ತರ ಮಾಡ್ಸೋಕಾಗಲ್ವೇನೋ?"

ಅಲ್ಲಿಂದ ಶುರುವಾಯ್ತು ನೋಡಿ ನನ್ನ ಸಂಶೋಧನೆ. ರಾತ್ರಿ ಹನ್ನೆರಡು ಗಂಟೆವರೆಗೂ ವಿಡಿಯೋ ನೋಡಿದ್ದೇ ನೋಡಿದ್ದು. ಸಸ್ಪೆನ್ಷನ್ ಲಿಫ್ಟ್ ಅಂತ ಒಂದು ಲೋಕವೇ ಇದೆ ಅಂತ ಆಗ ಗೊತ್ತಾಗಿದ್ದು. ನನಗೆ ಸಿಕ್ಕಿದ ದಾರಿಗಳು ಮೂರು.

ಒಂದು, ಪೂರ್ತಿ ಕಿಟ್. ಹೊಸ ಉದ್ದದ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕ್ ಅಬ್ಸಾರ್ಬರ್, ಎಲ್ಲ ಒಟ್ಟಿಗೆ. ಆಸ್ಟ್ರೇಲಿಯಾದ ಕಡೆ ಈ ಕೆಲಸಕ್ಕೇ ಹೆಸರಾದ ಕಂಪನಿಗಳಿವೆ. ನಮ್ಮ ಗಾಡಿಗೆ ಹೊಂದಿಸಿ ಕೂರಿಸಿ ಕೊಡೋಕೆ ಬೆಂಗಳೂರಲ್ಲಿ ಒಬ್ಬರು ಹೇಳಿದ್ದು ಒಂದು ಲಕ್ಷದ ಹತ್ತು ಸಾವಿರ. ನಮ್ಮ ಎಮ್ಮೆ ಮಾರಿದ್ರೆ ಎಷ್ಟು ಬರುತ್ತೋ ಅದರ ಅರ್ಧದ ಹತ್ತಿರ.

ಎರಡು, ಸ್ಪೇಸರ್. ಹಿಂದಿನ ಕಾಯಿಲ್ ಸ್ಪ್ರಿಂಗ್ ಕೂರೋ ಜಾಗದಲ್ಲಿ ಒಂದೂವರೆ ಎರಡು ಇಂಚು ದಪ್ಪದ ಗಟ್ಟಿ ಬಿಲ್ಲೆ ಇಡೋದು. ಫಿಟ್ಟಿಂಗ್ ಸೇರಿ ಏಳೂವರೆ ಸಾವಿರ. ಸ್ಪ್ರಿಂಗು ಅದೇ ಹಳೇದು, ಶಾಕ್ ಅಬ್ಸಾರ್ಬರ್ ಅದೇ ಹಳೇದು. ಗಾಡಿ ಎದ್ದಷ್ಟೂ ಶಾಕ್ ಅಬ್ಸಾರ್ಬರ್ ಯಾವಾಗ್ಲೂ ಎಳೆದುಕೊಂಡೇ ಇರುತ್ತೆ. ಚಕ್ರ ಗುಂಡಿಗೆ ಇಳಿದಾಗ ಅದಕ್ಕೆ ಇನ್ನೂ ಎಳೆಯೋಕೆ ಜಾಗ ಇರಲ್ಲ, ಪಟ್ ಅಂತ ಹೊಡೆಯುತ್ತೆ.

ಮೂರು, ಬಹುತೇಕ ಪುಕ್ಕಟೆ ದಾರಿ. ಈ ಹಳೇ ಸಫಾರಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಇದೆ. ಉದ್ದನೆಯ ಒಂದು ಉಕ್ಕಿನ ಸರಳು. ಚಕ್ರ ಮೇಲೆ ಕೆಳಗೆ ಆದಾಗ ಆ ಸರಳು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತೆ. ಅದರ ಒಂದು ತುದಿಯಲ್ಲಿ ಬೋಲ್ಟ್ ಇರುತ್ತೆ. ಅದನ್ನ ಬಿಗಿ ಮಾಡಿದ್ರೆ ಗಾಡಿಯ ಮೂತಿ ಮೇಲೆ ಏಳುತ್ತೆ.

ಜಿಪುಣನ ಕಣ್ಣು ಎಲ್ಲಿಗೆ ಹೋಗುತ್ತೆ ಹೇಳಿ? ಮೂರನೇದಕ್ಕೇ. ತುಮಕೂರಲ್ಲೇ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಅರ್ಧ ಗಂಟೇಲಿ ಎರಡೂ ಕಡೆ ಬೋಲ್ಟ್ ತಿರುವಿ, ಒಂದೂವರೆ ಸಾವಿರ ತಗೊಂಡು, "ಈಗ ನೋಡಿ ಸಾರ್, ಫಾರ್ಚೂನರ್ ಥರ ಕಾಣ್ತಿದೆ" ಅಂದ. ಅಲೈನ್‌ಮೆಂಟ್ ಬೇಡ್ವಾ ಅಂದಿದ್ದಕ್ಕೆ "ಏನೂ ಬೇಡ ಸಾರ್" ಅಂದ. ಸಂತೋಷದಿಂದ ಮನೆಗೆ ಬಂದೆ.

ಸಂತೋಷ ಒಂದು ವಾರ ಬಾಳ್ತು. ಮೊದಲನೇ ತೊಂದರೆ, ಅಪ್ಪ ಗಾಡಿ ಹತ್ತೋಕಾಗ್ಲಿಲ್ಲ! ಮೂತಿ ಎದ್ದಿದ್ದರಿಂದ ಮುಂದಿನ ಬಾಗಿಲ ಮೆಟ್ಟಿಲು ಒಂದೂವರೆ ಇಂಚು ಮೇಲೆ ಹೋಗಿತ್ತು. ನಮ್ಮ ನಿಮ್ಮ ಕಾಲಿಗೆ ಒಂದೂವರೆ ಇಂಚು ಲೆಕ್ಕಕ್ಕಿಲ್ಲ. ಆಪರೇಷನ್ ಆದ ಮಂಡಿಗೆ ಲೆಕ್ಕ ಇದೆ. ಅಮ್ಮ ಅಡುಗೆ ಮನೆಯಿಂದ ಮಣೆ ತಂದು ನೆಲಕ್ಕೆ ಇಟ್ಟರು. ಅಪ್ಪ ಮಣೆ ಮೇಲೆ ಕಾಲಿಟ್ಟು, ಹ್ಯಾಂಡಲ್ ಹಿಡ್ಕೊಂಡು, ಉಸಿರು ಬಿಗಿಹಿಡಿದು ಹತ್ತಿದ್ರು. ಯಾರಿಗೋಸ್ಕರ ಎತ್ತರ ಮಾಡಿಸಿದ್ನೋ ಅವರಿಗೇ ಹತ್ತೋಕಾಗದ ಗಾಡಿ! ಎರಡನೇದು, ಸಣ್ಣ ಹಂಪ್ ಬಂದರೂ ಮುಂದೆ ಧಡ್ ಅಂತ ಹೊಡೆತ. ಮೂರನೇದು, ಬಂಡಿದಾರೀಲಿ ಅದೇ ಜಾಗದಲ್ಲಿ ಅದೇ ಕರ್ರ್...

ಇದೇ ಸಮಯಕ್ಕೆ ಕುಣಿಗಲ್‌ನಲ್ಲಿ ಅಕ್ಕನ ಮೈದುನನ ಮದುವೆಯ ಬೀಗರ ಊಟ. ಹೆಬ್ಬೂರು ದಾರೀಲಿ ಹೋಗುವಾಗ ಹಿಂದಿನಿಂದ ಟಕ್ ಟಕ್ ಅಂತ ಸದ್ದು ಬರೋಕೆ ಶುರುವಾಯ್ತು. ಬಾವ ಹೇಳಿದ್ರು, ಊರ ಹೊರಗೆ ಹೈವೇ ಪಕ್ಕ ಒಬ್ಬ ಮೇಸ್ತ್ರಿ ಇದ್ದಾರೆ, ಲಾರಿ, ಜೀಪು ಎಲ್ಲಾ ನೋಡ್ತಾರೆ, ಒಂದ್ಸಲ ತೋರಿಸು ಅಂತ. ಊಟ ಮುಗಿಸಿ ಅಪ್ಪನ್ನೂ ಕರ್ಕೊಂಡು ಹೋದೆ. ದೊಡ್ಡಕೆರೆ ಕಡೆಯಿಂದ ತಣ್ಣನೆ ಗಾಳಿ ಬರ್ತಿತ್ತು. ಕುಣಿಗಲ್ ಅಂದ್ರೆ ಕೆರೆ ಮತ್ತು ಕುದುರೆ. ಟಿಪ್ಪು ಕಾಲದಿಂದ ಕುದುರೆ ಸಾಕಿದ ಊರು. ಮೇಸ್ತ್ರಿ ನಮ್ಮ ಗಾಡಿ ನೋಡಿ ಮೊದಲು ಹೇಳಿದ್ದೇ, "ಇದೇನ್ ಸಾರ್, ಮುಂಗಾಲು ಎತ್ತಿಕೊಂಡು ನಿಂತಿರೋ ಕುದುರೆ ಥರ ಐತೆ!"

ಅವರು ಮೊದಲು ಮಾಡಿದ ಕೆಲಸ ಅಂದ್ರೆ ಟೇಪು ಹಿಡಿದಿದ್ದು. ಚಕ್ರದ ನಡು ಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ತಗೊಂಡು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದ್ರು. ಹಿಂದೆ ಎಡಗಡೆ ಬಲಗಡೆಗಿಂತ ಒಂದೂವರೆ ಸೆಂಟಿಮೀಟರ್ ಕಡಿಮೆ.

"ಎಷ್ಟ್ ವರ್ಷ ಕಾಯಿ ಹೊತ್ತೈತೆ ಇದು?"

"ಹದಿನೈದು ವರ್ಷ."

"ಸ್ಪ್ರಿಂಗ್ ಯಾವಾಗಾದ್ರೂ ಬದಲಾಯ್ಸಿದ್ರಾ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕೆರೆ ಕಡೆ ನೋಡಿದ್ರು.

"ನಿಮ್ಮ ಗಾಡಿ ಕುಳ್ಳ ಅಲ್ಲ ಯಜಮಾನ್ರೆ. ಕುಸಿದು ಕೂತೈತೆ. ಕೂತಿರೋನ್ನ ಎಬ್ಬಿಸ್ಬೇಕು. ಅದು ಬಿಟ್ಟು ಕಾಲಿಗೆ ಕೋಲು ಕಟ್ಟಬಾರ್ದು."

ಆಮೇಲೆ ನನ್ನನ್ನ ಗಾಡಿ ಕೆಳಗೆ ಬರೋಕೆ ಹೇಳಿದ್ರು. ಟಾರ್ಪಾಲು ಬಂದಿದ್ದು ಇಲ್ಲೇ :) ಟಾರ್ಚ್ ಬಿಟ್ಟು ತೋರಿಸಿದ್ರು. ಹಿಂದಿನ ಎರಡು ಚಕ್ರದ ನಡುವೆ ಕುಂಬಳಕಾಯಿ ಥರ ಉಬ್ಬಿಕೊಂಡಿರುತ್ತಲ್ಲ, ಹೌಸಿಂಗ್, ಅದರ ತಳದಲ್ಲಿ ಬಣ್ಣ ಕಿತ್ತು ಬೆಳ್ಳಗೆ ಹೊಳೀತಿತ್ತು. ದಿಬ್ಬಕ್ಕೆ ಉಜ್ಜಿದ ಗುರುತು. ಬೇರೆಲ್ಲೂ ಗುರುತಿಲ್ಲ. ಡೀಸೆಲ್ ಟ್ಯಾಂಕಿಗೂ ಇಲ್ಲ, ಇಂಜಿನ್ ಕೆಳಗೂ ಇಲ್ಲ.

"ಉಜ್ಜಿರೋದು ಇದು. ಇದು ಯಾವುದರ ಮೇಲೆ ಕೂತೈತೆ ಹೇಳಿ?"

"ಸ್ಪ್ರಿಂಗ್ ಮೇಲೆ...?"

"ಅಲ್ಲ ಸಾರ್. ಸ್ಪ್ರಿಂಗು ಇದರ ಮೇಲೆ ಕೂತೈತೆ. ಇದು ಕೂತಿರೋದು ಟೈರ್ ಮೇಲೆ. ನೀವು ಲಕ್ಷ ರೂಪಾಯಿ ಸ್ಪ್ರಿಂಗ್ ಹಾಕಿ, ನಾಲ್ಕು ಇಂಚು ಎತ್ತಿ, ಏಳೋದು ಬಾಡಿ. ಈ ಕುಂಬಳಕಾಯಿ ಎಲ್ಲೈತೋ ಅಲ್ಲೇ ಇರುತ್ತೆ."

ನೂರು ವಿಡಿಯೋ ನೋಡಿದ್ರೂ ತಲೆಗೆ ಹೋಗದೇ ಇದ್ದಿದ್ದು ಮೂರು ಮಾತಲ್ಲಿ ಹೋಯ್ತು. ಹಿಂದೆ ಇಡೀ ಆಕ್ಸಲ್ ಒಂದೇ ತುಂಡಾಗಿರೋ ಗಾಡಿಗಳಿಗೆಲ್ಲಾ ಇದೇ ಲೆಕ್ಕ. ಸಸ್ಪೆನ್ಷನ್ ಎತ್ತಿದ್ರೆ ಬಾಡಿ, ಚಾಸಿ, ಟ್ಯಾಂಕು, ಬಂಪರು ಎಲ್ಲ ಮೇಲೆ ಹೋಗುತ್ತೆ. ಆಕ್ಸಲ್ ಹೋಗಲ್ಲ. ಆಕ್ಸಲ್ ಮೇಲೆ ಹೋಗಬೇಕು ಅಂದ್ರೆ ದೊಡ್ಡ ಟೈರು ಒಂದೇ ದಾರಿ.

ಅಲ್ಲೇ ಕೂತು ಮೊಬೈಲಲ್ಲಿ ಲೆಕ್ಕ ಹಾಕಿದೆ. ನಮ್ಮ ಟೈರು 235/70 ಆರ್ 16, ವ್ಯಾಸ ಸುಮಾರು 735 ಮಿ.ಮೀ. ಅದರ ಬದಲು 245/75 ಆರ್ 16 ಹಾಕಿದ್ರೆ 774 ಮಿ.ಮೀ. ವ್ಯತ್ಯಾಸದ ಅರ್ಧ ಮಾತ್ರ ಆಕ್ಸಲ್ ಮೇಲೆ ಏಳುತ್ತೆ, ಅಂದ್ರೆ 19 ಮಿ.ಮೀ. ಮುಕ್ಕಾಲು ಇಂಚು! ಅದಕ್ಕೆ ನಾಲ್ಕು ಟೈರು, ಮೇಲೊಂದು ಸ್ಟೆಪ್ನಿ, ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸೋದು, ತಿರುವಿನಲ್ಲಿ ಟೈರು ಒಳಗೆ ಉಜ್ಜೋ ಭಯ ಬೇರೆ.

ಇನ್ನೊಂದು ವಿಷಯ ಅಪ್ಪನೇ ನೆನಪಿಸಿದ್ರು. ಗಾಡಿಗೆ 2025ರ ಡಿಸೆಂಬರಿಗೆ ಹದಿನೈದು ವರ್ಷ ತುಂಬುತ್ತೆ. ಆರ್‌ಟಿಓ ತಪಾಸಣೆ ಆಗಿ, ಇನ್ನೈದು ವರ್ಷಕ್ಕೆ ಆರ್‌ಸಿ ನವೀಕರಣ ಆಗಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಆಗಿ, ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ ಅಂತ ಸೇರಿತು. ನಮ್ಮ ಎರಡು ಇಂಚು ಅದರೊಳಗೆ ಬರುತ್ತೆ ಅಂತ ತಪಾಸಣೆ ಮಾಡೋರು ಪಟ್ಟು ಹಿಡಿದ್ರೆ ವಾದ ಮಾಡೋಕೆ ನನ್ನ ಹತ್ರ ಒಂದು ಕಾಗದವೂ ಇರಲ್ಲ. ಅಪಘಾತ ಆದಾಗ ಇನ್ಶೂರೆನ್ಸಿನವರು ಇದನ್ನೇ ಹಿಡ್ಕೊಂಡ್ರೆ ಅದು ಇನ್ನೊಂದು ತಲೆನೋವು.

ಮೇಸ್ತ್ರಿ ಮಾಡಿದ್ದು ಇಷ್ಟು. ಟಾರ್ಷನ್ ಬಾರ್ ಬೋಲ್ಟನ್ನ ಮೊದಲಿನ ಮಟ್ಟಕ್ಕೆ ತಂದ್ರು. ಹಿಂದೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಜೋಡಿ, ನಾಲ್ಕೂ ಕಡೆ ಹೊಸ ಶಾಕ್ ಅಬ್ಸಾರ್ಬರ್, ಹರಿದು ಹೋಗಿದ್ದ ಬುಷ್‌ಗಳು. ಟಕ್ ಟಕ್ ಸದ್ದು ಬರ್ತಿದ್ದಿದ್ದು ಬುಷ್‌ನಿಂದಲೇ. ಕೊನೆಗೆ ವೀಲ್ ಅಲೈನ್‌ಮೆಂಟ್. ಎಲ್ಲಾ ಸೇರಿ 24,500 ರೂಪಾಯಿ. ಮತ್ತೆ ಟೇಪು ಹಿಡಿದಾಗ ಹಿಂದೆ 35 ಮಿ.ಮೀ. ಎದ್ದಿತ್ತು. ಅಂದ್ರೆ ಸುಮಾರು ಒಂದೂವರೆ ಇಂಚು ಲಿಫ್ಟ್, ಅದೂ ಗಾಡಿ ತನ್ನ ಹುಟ್ಟಿನ ಎತ್ತರಕ್ಕೆ ವಾಪಸ್ ಬಂದಿದ್ದು ಅಷ್ಟೇ! ಮುಂದಿನ ಮೆಟ್ಟಿಲು ಇಳಿದಿದ್ದರಿಂದ ಅಪ್ಪನಿಗೆ ಮಣೆ ಬೇಕಾಗ್ಲಿಲ್ಲ.

ಹಣ ಕೊಟ್ಟು ಹೊರಡುವಾಗ ಮೇಸ್ತ್ರಿ ಕೇಳಿದ್ರು, "ಆ ದಿಬ್ಬ ಎಷ್ಟು ಎತ್ತರ ಐತೆ, ಅಳೆದಿದ್ದೀರಾ?"

ಅಳೆದಿರಲಿಲ್ಲ. ಗಾಡಿ ಅಳೆದಿದ್ದೆ, ಟೈರು ಅಳೆದಿದ್ದೆ, ದಾರಿ ಅಳೆದಿರಲಿಲ್ಲ.

ಮುಂದಿನ ಭಾನುವಾರ ಟೇಪು ತಗೊಂಡು ಹೋದೆ. ಬಹಳ ಕಡೆ ಆರು ಏಳು ಇಂಚು, ತೊಂದರೆ ಇಲ್ಲ. ಎರಡು ಜಾಗದಲ್ಲಿ ಮಾತ್ರ ಹತ್ತು ಇಂಚು, ಅಂದ್ರೆ 254 ಮಿ.ಮೀ. ಗಾಡಿಗೆ ಕಂಪನಿ ಹೇಳೋ ಗ್ರೌಂಡ್ ಕ್ಲಿಯರೆನ್ಸ್ 205. ದೊಡ್ಡ ಟೈರು ಹಾಕಿದ್ರೂ 224. ಯಾವ ಕಿಟ್ ಹಾಕಿದ್ರೂ ಆ ಎರಡು ಜಾಗ ದಾಟಲ್ಲ. ರಿಪೇರಿ ಆಗಬೇಕಾಗಿರೋದು ಗಾಡಿ ಅಲ್ಲ, ದಾರಿ.

ಇಲ್ಲಿಗೆ ಕಥೆ ಮುಗೀಬೇಕಿತ್ತು. ನಾಲ್ಕು ಲೋಡು ಗ್ರಾವೆಲ್ ಹೊಡೆಸಿದ್ರೆ ಆಯ್ತಲ್ಲ ಅಂತ ನೀವು ಅಂದುಕೊಂಡಿರಬಹುದು. ಆದ್ರೆ ಆ ಬಂಡಿದಾರಿಯ ಒಂದು ಕಡೆ ನಮ್ಮ ತೋಟ, ಇನ್ನೊಂದು ಕಡೆ ಚಿಕ್ಕಪ್ಪನ ಹೊಲ. 1998ರಲ್ಲಿ ಭಾಗ ಆದಾಗಿನಿಂದ ಅಪ್ಪ, ಚಿಕ್ಕಪ್ಪ ಮಾತಾಡಿಲ್ಲ. ಮದುವೆ ಮನೆಗಳಲ್ಲಿ ಬೇರೆ ಬೇರೆ ಪಂಕ್ತಿ, ತಿಥಿಗಳಲ್ಲಿ ಬೇರೆ ಬೇರೆ ಮೂಲೆ. ನನಗೆ ಆಗ ಹನ್ನೊಂದು ವರ್ಷ. ಚಿಕ್ಕಪ್ಪನೇ ಏನೋ ಅನ್ಯಾಯ ಮಾಡಿದ್ದಾರೆ ಅಂತಲೇ ನಂಬಿಕೊಂಡು ಬೆಳೆದವನು ನಾನು.

ದಾರಿ ಯಾಕೆ ಕೊರೀತಿದೆ ಅಂತ ಆವತ್ತು ಟೇಪು ಹಿಡಿದು ನಡೆದಾಗಲೇ ಗೊತ್ತಾಗಿದ್ದು. ಪಕ್ಕದಲ್ಲಿ ನೀರು ಹೋಗೋಕೆ ಕಾಲುವೆಯೇ ಇಲ್ಲ. ಮಳೆ ನೀರೆಲ್ಲಾ ಜಾಡಿನಲ್ಲೇ ಹರೀಬೇಕು. ತೋಟ ನೋಡ್ಕೊಳ್ಳೋ ಹಳಬರನ್ನ ಕೇಳಿದೆ. "ಕಾಲುವೆ ಇತ್ತು ಕಣಪ್ಪ. ಈ ಸಾಲು ಮರ ಇರೋ ಜಾಗದಲ್ಲೇ ಇತ್ತು" ಅಂದ್ರು. ದಾರಿ ಅಂಚಿನಲ್ಲಿ ನಮ್ಮ ಹದಿನಾಲ್ಕು ತೆಂಗಿನಮರದ ಸಾಲು ಇದೆ. ಭಾಗ ಆದ ವರ್ಷವೇ ಕಾಲುವೆ ಮುಚ್ಚಿ ಸಸಿ ನೆಟ್ಟಿದ್ದು ಚಿಕ್ಕಪ್ಪ ಅಲ್ಲ. ಅಪ್ಪ.

ಮನೇಲಿ ನಿಧಾನಕ್ಕೆ ವಿಷಯ ತೆಗೆದೆ. ಮರ ಕಡಿಯೋದು ಬೇಡ, ಆಚೆ ಕಡೆ ಚಿಕ್ಕಪ್ಪ ಎರಡಡಿ ಜಾಗ ಬಿಟ್ರೆ ಅಲ್ಲಿ ಕಾಲುವೆ ತೆಗೀಬಹುದು ಅಂದೆ. ಅಪ್ಪ ತುಂಬಾ ಹೊತ್ತು ಪೇಪರ್ ಓದಿದ್ರು. ಪುಟ ಮಾತ್ರ ತಿರುಗಿಸ್ಲಿಲ್ಲ. ಆಮೇಲೆ, "ಅವನ ಹತ್ರ ಕೇಳೋ ಬದ್ಲು ಗಾಡಿ ಎತ್ತರ ಮಾಡ್ಸೋದು ವಾಸಿ ಅಂತಲೇ ನಿಂಗೆ ಹೇಳಿದ್ದು" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಕೇಳು ಅಂತ ನಾನು ಹೇಳಲ್ಲ. ಕೇಳಬೇಡ ಅಂತಾನೂ ಹೇಳಲ್ಲ" ಅಂದು ಎದ್ದು ಹೋದ್ರು.

ಚಿಕ್ಕಪ್ಪನ ಮನೆ ಜಗಲಿ ಮೇಲೆ ನಾನು ಕೂತಿದ್ದು ಇಪ್ಪತ್ತೇಳು ವರ್ಷದ ಮೇಲೆ. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಿಂದ ನೋಡಿದ್ರೆ ಅಪ್ಪನ ಥರಾನೇ ಕಾಣ್ತಿದ್ರು. ವಿಷಯ ಹೇಳಿದೆ. ಮುಗಿಯೋವರೆಗೂ ಕೇಳಿ, "ಅಣ್ಣನ ಮಂಡಿ ಹೆಂಗೈತೆ?" ಅಂದ್ರು. ಆಮೇಲೆ, "ಎರಡಡಿ ತಾನೆ, ತಗೊಳ್ಳಿ. ನಾನು ಯಾವತ್ತಾದ್ರೂ ಇಲ್ಲ ಅಂದಿದ್ನಾ? ಯಾರೂ ಬಂದು ಕೇಳ್ಲೇ ಇಲ್ಲ." ನಾನು ಗೇಟು ದಾಟುವಾಗ ಹಿಂದಿನಿಂದ ಕೂಗಿ ಕೇಳಿದ್ರು, "ಆ ಸಾಲಿನ ಮರ ಚೆನ್ನಾಗಿ ಕಾಯಿ ಬಿಡ್ತಾವಾ?" ಉತ್ತರ ಹೇಳೋಕೆ ನನಗೆ ಬಾಯಿ ಬರಲಿಲ್ಲ.

ಮಳೆ ನಿಂತ ಮೇಲೆ ಕೆಲಸ ಆಯ್ತು. ಜೆಸಿಬಿ ಮೂರು ಗಂಟೆ, ಗ್ರಾವೆಲ್ ಎಂಟು ಲೋಡು, ನೀರು ದಾಟೋ ಕಡೆ ಎರಡು ಸಿಮೆಂಟ್ ಪೈಪು. ಒಟ್ಟು 18,000. ಬೇಡ ಬೇಡ ಅಂದ್ರೂ ಚಿಕ್ಕಪ್ಪ ಅರ್ಧ ಕೊಟ್ರು, ಅವರ ಟ್ರ್ಯಾಕ್ಟರೂ ಅದೇ ದಾರೀಲಿ ಓಡಾಡೋದು ಅಂತ. ಅಪ್ಪ ದಾರಿಯ ಈ ತುದೀಲಿ ಕುರ್ಚಿ ಹಾಕ್ಕೊಂಡು ಕೂತ್ರು, ಚಿಕ್ಕಪ್ಪ ಆ ತುದೀಲಿ ನಿಂತ್ರು. ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತಿಲ್ಲ, ಇಬ್ಬರೂ ಜೆಸಿಬಿ ಹುಡುಗನಿಗೆ ಬೈಯೋದೇ. ಇವರು ಎಡಕ್ಕೆ ಅಂದ್ರೆ ಅವರು ಬಲಕ್ಕೆ. ಆ ಹುಡುಗ ಪಾಪ, ಇಂಜಿನ್ ಆಫ್ ಮಾಡಿ, "ನೀವಿಬ್ರೂ ಮೊದ್ಲು ಮಾತಾಡ್ಕೊಂಡು ಬನ್ನಿ ಯಜಮಾನ್ರೆ" ಅಂದ!

ಮಾತಾಡ್ಲಿಲ್ಲ. ಆದ್ರೆ ಸಂಜೆ ಚಿಕ್ಕಮ್ಮ ಎಲ್ಲರಿಗೂ ಕಾಫಿ ಕಳಿಸಿದ್ರು. ಅಪ್ಪ ಲೋಟ ತಗೊಂಡು, ಊದಿ ಊದಿ ಪೂರ್ತಿ ಕುಡಿದ್ರು. ವಾಪಸ್ ಬರ್ತಾ ಗುಬ್ಬಿ ದಾಟೋವರೆಗೂ ಸುಮ್ಮನಿದ್ದು, ಆಮೇಲೆ ಹೇಳಿದ್ರು, "ಸಕ್ಕರೆ ಜಾಸ್ತಿ ಹಾಕೋದು ಅವಳು ಇನ್ನೂ ಬಿಟ್ಟಿಲ್ಲ."

ಈಗ ಪ್ರತಿ ಭಾನುವಾರ ಎಮ್ಮೆ ಗೇಟಿನವರೆಗೂ ಹೋಗುತ್ತೆ. ಕರ್ರ್ ಅನ್ನಲ್ಲ. ಡಿಸೆಂಬರಲ್ಲಿ ಆರ್‌ಸಿ ನವೀಕರಣವೂ ಆಯ್ತು. ಲೆಕ್ಕ ಬೇಕಾದವರಿಗೆ: ಗಾಡಿಗೆ 24,500, ದಾರಿಗೆ ನಮ್ಮ ಪಾಲು 9,000. ಗ್ಯಾರೇಜಿನ ಹುಡುಗನಿಗೆ ಕೊಟ್ಟ ಒಂದೂವರೆ ಸಾವಿರ ಫೀಸು ಅಂದ್ಕೊಂಡಿದೀನಿ.

ನಿಮ್ಮಲ್ಲಿ ಯಾರಾದ್ರೂ ಹಳೇ ಗಾಡಿ ಎತ್ತರ ಮಾಡಿಸೋ ಯೋಚನೇಲಿದ್ರೆ, ಮೊದಲು ಕೆಳಗೆ ಮಲಗಿ ಉಜ್ಜಿರೋ ಜಾಗ ಯಾವುದು ನೋಡಿ. ಬಂಪರೋ ಟ್ಯಾಂಕೋ ಉಜ್ಜಿದ್ರೆ ಸ್ಪ್ರಿಂಗಿನಿಂದ ಉಪಯೋಗ ಇದೆ, ಹೌಸಿಂಗ್ ಆದ್ರೆ ಇಲ್ಲ. ಮಡ್‌ಗಾರ್ಡ್ ಅಳತೆ ತಗೊಂಡು ಸ್ಪ್ರಿಂಗ್ ಕುಸಿದಿದೆಯಾ ನೋಡಿ. ದಾರೀನೂ ಅಳೀರಿ. ಅಳೀತಾ ಹೋದ್ರೆ ಯಾರ ಮನೆ ಜಗಲಿಗೆ ಹೋಗಿ ನಿಲ್ತೀರೋ, ಅದಕ್ಕೆ ನಾನು ಜವಾಬ್ದಾರ ಅಲ್ಲ :)

ಅಂದ ಹಾಗೆ, ಆ ಸಾಲಿನ ಮರಗಳಲ್ಲಿ ಈ ಸಲ ಕಿತ್ತ ಕಾಯಲ್ಲಿ ಒಂದು ಮೂಟೆ ಚಿಕ್ಕಪ್ಪನ ಮನೆಗೆ ಹೋಯ್ತು. ಕಳಿಸಿದ್ದು ಯಾರು ಅಂತ ಅಪ್ಪ ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ. ಅಮ್ಮ ಮಾತ್ರ ನಗ್ತಿದ್ರು.